ಮೂರು ರೀಡಿಂಗ್, ಒಂದು ನೌಕರಿ

ಸಿಇಟಿ ರ‍್ಯಾಂಕು ಕೈಕೊಟ್ಟು ಹುಡುಗ ಬಿ.ಎಸ್ಸಿ.ಗೆ ಸೇರಿದನೆಂದರೆ ನೆಂಟರು ಮನೆಗೆ ಬಂದು ಮಾತಾಡಿಸಿಕೊಂಡು ಹೋಗುವುದು ವಾಡಿಕೆ. ಕಾಫಿ ಮುಗಿಸಿ ಏಳುವ ಮುನ್ನ ದೊಡ್ಡಪ್ಪ ಕೇಳಿಯೇ ಕೇಳುತ್ತಾರೆ: "ಅಲ್ಲಯ್ಯಾ, ಕೆಮಿಸ್ಟ್ರಿ ಓದಿ ಮುಂದೇನು ಮಾಡ್ತೀಯ?"

ಬೆಳಿಗ್ಗೆ ಅವರು ಮೈಗೆ ಹಚ್ಚಿಕೊಂಡ ಮೈಸೂರು ಸ್ಯಾಂಡಲ್ ಸೋಪೇ ಇದಕ್ಕೆ ಉತ್ತರ ಹೇಳೀತು. ಮೊದಲ ಮಹಾಯುದ್ಧದಿಂದಾಗಿ ಯೂರೋಪಿಗೆ ಗಂಧದ ಮರ ಹೋಗುವುದು ನಿಂತು ಸಂಸ್ಥಾನದಲ್ಲಿ ರಾಶಿ ಬಿತ್ತು. ಮೊದಲು ಎಣ್ಣೆ ಕಾರ್ಖಾನೆ, ಅದರ ಬೆನ್ನಿಗೆ ಸೋಪು ಕಾರ್ಖಾನೆ ಎದ್ದವು. ಸೋಪಿನ ಹದ ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದ ಎಸ್.ಜಿ. ಶಾಸ್ತ್ರಿಗಳು ಕಡೆಗೆ 'ಸೋಪು ಶಾಸ್ತ್ರಿ' ಎಂದೇ ಹೆಸರಾದರು. ಇನ್ನೂ ದೊಡ್ಡ ಹೆಸರು ಬೇಕೆಂದರೆ ಸಿ.ಎನ್.ಆರ್. ರಾವ್ ಇದ್ದಾರೆ: 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ., 2014ರಲ್ಲಿ ಭಾರತರತ್ನ. ನಡುವಿನ ಅರವತ್ತಮೂರು ವರ್ಷ ಏನು ಮಾಡಬೇಕೆಂಬುದಷ್ಟೇ ಹುಡುಗನಿಗೆ ಹೊಳೆಯದ ಸಂಗತಿ.

ಸದ್ಯಕ್ಕೆ ಅವನ ಎದುರಿಗಿರುವುದು ಬ್ಯೂರೆಟ್ಟು. ಕೆಳಗೆ ಬಿಳಿ ಟೈಲಿನ ಮೇಲೆ ಕೋನಿಕಲ್ ಫ್ಲಾಸ್ಕು. ಅದರಲ್ಲಿ ಆಕ್ಸಾಲಿಕ್ ಆಸಿಡ್ಡು, ಎರಡು ಹನಿ ಫಿನಾಲ್ಫ್ತಲೀನು. ಮೇಲಿನಿಂದ ಕಾಸ್ಟಿಕ್ ಸೋಡಾ ಹನಿಹನಿಯಾಗಿ ಬೀಳಬೇಕು, ತಿಳಿ ಗುಲಾಬಿ ನಿಂತ ಕೂಡಲೇ ನಲ್ಲಿ ತಿರುಗಿಸಬೇಕು. ಪಕ್ಕದವಳದು ಎಷ್ಟಕ್ಕೆ ಬಂತೆಂದು ಇಣುಕಿ ತಿರುಗುವಷ್ಟರಲ್ಲಿ ಅವನದು ಬೀಟ್‌ರೂಟ್ ಸಾರಾಗಿರುತ್ತದೆ. ರೆಕಾರ್ಡಿನಲ್ಲಿ ಮಾತ್ರ 10.2, 10.2, 10.2. ಮೂರನೆಯ ಸಲಕ್ಕೆ ಬ್ಯೂರೆಟ್ಟು ತುಂಬಿಸಿಯೇ ಇರುವುದಿಲ್ಲ. ಸಾಲ್ಟ್ ಅನಾಲಿಸಿಸ್ ದಿನವಂತೂ ಅಟೆಂಡರಣ್ಣನ ಹುಬ್ಬು ಏರಿತೋ ಇಳಿಯಿತೋ ನೋಡಿಕೊಂಡು ಕ್ಲೋರೈಡು, ನೈಟ್ರೇಟು ಎಂದು ಬರೆಯುವವರೇ ಹೆಚ್ಚು.

ಆ ಕ್ಲೋರೈಡ್ ಪರೀಕ್ಷೆಯ ಸಿಲ್ವರ್ ನೈಟ್ರೇಟ್ ಬೆರಳಿಗೆ ತಾಗಿದರೆ ಬೆಳಕಿಗೆ ಕಪ್ಪಾಗಿ ಕೂರುತ್ತದೆ. ಅಮ್ಮ ಹುಣಸೆಹಣ್ಣು ಹಚ್ಚಿ ಉಜ್ಜಿದರೂ ಜಗ್ಗುವುದಿಲ್ಲ. ಈ ಹಟಮಾರಿ ಗುಣವನ್ನೇ ಬಂಡವಾಳ ಮಾಡಿಕೊಂಡ ಮೈಸೂರಿನ ಪೇಂಟ್ಸ್ ಕಾರ್ಖಾನೆ, 1962ರ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆಲ್ಲ ಶಾಯಿ ಒದಗಿಸುತ್ತ ಬಂದಿದೆ.

ಎಂ.ಎಸ್ಸಿ.ಯಲ್ಲಿ ಆರ್ಗ್ಯಾನಿಕ್ ಸೀಟಿಗೆ ನೂಕುನುಗ್ಗಲು. ಔಷಧ ಕಂಪನಿಗಳು ಅದನ್ನೇ ಕೇಳುತ್ತವೆಂಬ ನಂಬಿಕೆ. ಹಾಗೆ ಓದಿದವನು ಜಿಗಣಿಯಲ್ಲೋ ಬೊಮ್ಮಸಂದ್ರದಲ್ಲೋ ಗುಣಮಟ್ಟ ನೋಡುವ ಕ್ಯೂಸಿ ವಿಭಾಗ ಸೇರಿದ ದಿನವೇ ರೀಡಿಂಗ್ ಹೊಂದಿಸುವ ವಿದ್ಯೆಗೆ ಎಳ್ಳುನೀರು ಬಿಡಬೇಕು. ಯಾರು, ಯಾವಾಗ, ಏನು ತಿದ್ದಿದರೆಂಬುದನ್ನೆಲ್ಲ ಎಚ್‌ಪಿಎಲ್‌ಸಿ ಯಂತ್ರದ ಆಡಿಟ್ ಟ್ರೇಲ್ ಬರೆದಿಟ್ಟುಕೊಳ್ಳುತ್ತದೆ. ನೋಟ್‌ಬುಕ್ಕಿನಲ್ಲಿ ತಪ್ಪಾದರೆ ಒಂದೇ ಗೆರೆ ಎಳೆದು, ಸಹಿ ಹಾಕಿ, ತಾರೀಖು ಬರೆಯಬೇಕು, ವೈಟ್ನರ್ ಮುಟ್ಟುವಂತಿಲ್ಲ. 10.2 ಮೂರು ಸಲ ಬಂದರೆ ಇಲ್ಲಿ ಬೆನ್ನು ತಟ್ಟುವುದಿಲ್ಲ, ಅನುಮಾನ ಪಡುತ್ತಾರೆ. ಅದಕ್ಕೆ ಕಾರಣವೂ ಇದೆ. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎಗೆ ಸುಳ್ಳು ಹೇಳಿಕೆ ಕೊಟ್ಟದ್ದೂ ಸೇರಿದಂತೆ ಹಲವು ತಪ್ಪುಗಳನ್ನು ಒಪ್ಪಿಕೊಂಡು ಔಷಧ ಕಂಪನಿ ರ‍್ಯಾನ್‌ಬಾಕ್ಸಿ 2013ರಲ್ಲಿ 50 ಕೋಟಿ ಡಾಲರ್ ತೆರಬೇಕಾಯಿತು. ಅದೇ ಕಾನೂನು ಕಾಲೇಜು ಲ್ಯಾಬಿಗೂ ಬಂದಿದ್ದರೆ ಬ್ಯಾಚಿಗೆ ಬ್ಯಾಚೇ ದಿವಾಳಿ.

ಎಲ್ಲರೂ ಮಾತ್ರೆಯ ದಾರಿ ಹಿಡಿಯುವುದಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿನ ಬ್ರಿಕ್ಸ್ ನೋಡುವವರುಂಟು, ಹಾಲು ಒಕ್ಕೂಟದಲ್ಲಿ ಸಲ್ಫ್ಯೂರಿಕ್ ಆಸಿಡ್ ಬೆರೆಸಿ ಜಿಡ್ಡು ಅಳೆಯುವವರುಂಟು, ಹಟ್ಟಿಯಲ್ಲಿ ಸಯನೈಡ್ ದ್ರಾವಣದಿಂದ ಚಿನ್ನ ಬಿಡಿಸುವವರುಂಟು. ಮೈಸೂರಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿದ ಜೆ.ಆರ್. ಲಕ್ಷ್ಮಣರಾವ್ ಕನ್ನಡಕ್ಕೆ ವಿಜ್ಞಾನ ಬರೆಯುವುದನ್ನು ಕಲಿಸಿದರು. ಆಕ್ಸ್‌ಫರ್ಡಿನಲ್ಲಿ ಕೆಮಿಸ್ಟ್ರಿ ಓದಿ ಪ್ಲಾಸ್ಟಿಕ್ ಕಂಪನಿಯೊಂದಕ್ಕೆ ಸೇರಿದ್ದ ಮಾರ್ಗರೆಟ್ ಥ್ಯಾಚರ್ ಬ್ರಿಟನ್ನಿನ ಪ್ರಧಾನಿಯೇ ಆದರು.

ಹೆಣ್ಣು ನೋಡುವ ಶಾಸ್ತ್ರದಲ್ಲಿ ಮಾತ್ರ ಕ್ಯೂಸಿ ಹುಡುಗನಿಗೆ ಇಕ್ಕಟ್ಟು. ಡಿಸಲ್ಯೂಷನ್ ಯಂತ್ರದ ಆರು ಪಾತ್ರೆಗಳಲ್ಲಿ 37 ಡಿಗ್ರಿ ಬಿಸಿಯ ದ್ರಾವಣ, ಒಂದೊಂದಕ್ಕೆ ಒಂದೊಂದು ಮಾತ್ರೆ. ಎಷ್ಟು ಹೊತ್ತಿಗೆ ಎಷ್ಟು ಔಷಧ ಬಿಟ್ಟಿತೆಂದು ಅಳೆಯುವುದೇ ಅವನ ಉದ್ಯೋಗ. ಇದನ್ನು ಉಪ್ಪಿಟ್ಟು ತಿನ್ನುತ್ತ ವಿವರಿಸುವುದು ಸುಲಭವಲ್ಲ.

"ಕೆಲಸ ಏನಂದ್ರಿ?" ಹುಡುಗಿಯ ಸೋದರಮಾವ ಕೇಳಿದರು.

"ಮಾತ್ರೆ ಸರಿಯಾಗಿ ಕರಗುತ್ತಾ ಅಂತ ನೋಡೋದು."

"ಕರಗದಿದ್ರೆ?"

"ತನಿಖೆ ಆಗುತ್ತೆ. ಬ್ಯಾಚೇ ನಿಂತುಹೋಗುತ್ತೆ."

ಸೋದರಮಾವ ತಟ್ಟೆ ಕೆಳಗಿಟ್ಟು, ಜೇಬಿನಿಂದ ಬಿಪಿ ಮಾತ್ರೆಯ ಸ್ಟ್ರಿಪ್ಪು ತೆಗೆದು ಚಾಚಿದರು. "ಇದನ್ನ ನೋಡಿದ್ದೀರೋ?"