ಯಜಮಾನ ನಾನೇ, ಬೀಗದ ಕೈ ಮಾತ್ರ ನನ್ನಲ್ಲಿಲ್ಲ

ದೆಹಲಿ ವಿಶ್ವವಿದ್ಯಾಲಯದ ಉತ್ತರ ಕ್ಯಾಂಪಸ್ಸು. ಕಲಾ ವಿಭಾಗದ ವಿವೇಕಾನಂದರ ಪ್ರತಿಮೆ ದಾಟಿ ಹೊರಬಂದರೆ ಒಂದು ಚಹಾ ಗಾಡಿ. ಪಕ್ಕದ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ಸಣಕಲು ಮೈ, ಜೇಬಿನಲ್ಲಿ ನಾಲ್ಕು ಮಡಿಕೆಯ ಫೀಸು ರಸೀದಿ. ಹೆಸರು ಬೋಧನಾ ಶುಲ್ಕ. ಬಿ.ಎ. ಓದುವವರಿಗೆ ತಿಂಗಳಿಗೆ 15 ರೂಪಾಯಿ, ವರ್ಷಕ್ಕೆ 180. ಆ ಕಾರಣಕ್ಕೆ ‘ಹದಿನೈದು’ ಎಂದರೇ ಅವರಿಗೆ ಬೇಗ ಕಿವಿ ಕೇಳಿಸುವುದು.

ನಾನು: ನಮಸ್ಕಾರ. ತಮಗೆ ಕನ್ನಡ ಬರುತ್ತದೆ ಅಂತ ಗೊತ್ತಿರಲಿಲ್ಲ.

ಹದಿನೈದು: ಯಾಕೆ ಬರಬಾರದು ಸ್ವಾಮಿ? ಇಲ್ಲಿನ ಆಧುನಿಕ ಭಾರತೀಯ ಭಾಷೆಗಳ ವಿಭಾಗದಲ್ಲಿ ಕನ್ನಡ ಉಂಟು. ಪಾಠ ನಡೆಯುವ ಕಡೆಯಲ್ಲೆಲ್ಲ ನಾನು ಇರಲೇಬೇಕಲ್ಲ, ಕೇಳಿ ಕೇಳಿ ಬಂತು. 1957ರಿಂದ 60ರವರೆಗೆ ಇಲ್ಲಿ ಕುಲಪತಿಗಳಾಗಿದ್ದ ವಿ.ಕೆ.ಆರ್.ವಿ. ರಾಯರು ಆಮೇಲೆ ನಿಮ್ಮ ಬಳ್ಳಾರಿಯಿಂದಲೇ ಲೋಕಸಭೆಗೆ ಗೆದ್ದು ಶಿಕ್ಷಣ ಮಂತ್ರಿಯಾದರು. ನಂಟು ಹಳೆಯದು. ಚಹಾ ಹೇಳಿ.

(ಚಹಾ ಬಂತು. ಎಷ್ಟಪ್ಪಾ ಎಂದೆ. ಹದಿನೈದು ರೂಪಾಯಿ ಎಂದ. ಸ್ವಲ್ಪ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ.)

ನಾನು: ತಾವು ಇಷ್ಟು ಅಗ್ಗ. ಆದರೂ ಮಕ್ಕಳನ್ನು ಇಲ್ಲಿಗೆ ಕಳಿಸಲು ಅಪ್ಪ ಅಮ್ಮ ಯಾಕೆ ಸರ ಅಡ ಇಡುತ್ತಾರೆ?

ಹದಿನೈದು: (ರಸೀದಿ ಬಿಡಿಸಿ) ಇದು ನಮ್ಮ ಮನೆ. ಮೊದಲ ಸಾಲು ನಾನು, ಯಜಮಾನ. ಕೆಳಗಿರುವವರೆಲ್ಲ ನನ್ನ ಹೆಸರು ಹೇಳಿಕೊಂಡು ಬಂದು ಸೇರಿಕೊಂಡವರು. ಕಾಲೇಜು ಅಭಿವೃದ್ಧಿ ನಿಧಿ, ವಿಶ್ವವಿದ್ಯಾಲಯ ಅಭಿವೃದ್ಧಿ ನಿಧಿ, ಸೌಲಭ್ಯ ಮತ್ತು ಸೇವಾ ಶುಲ್ಕ, ಪರೀಕ್ಷಾ ಶುಲ್ಕ, ಗ್ರಂಥಾಲಯ, ಕ್ರೀಡೆ, ವಿದ್ಯಾರ್ಥಿ ಸಂಘ. ಈ ಮೂಲೆಯಲ್ಲಿರುವವನು ಕಾಶನ್ ಮನಿ. ‘ಹೋಗುವಾಗ ನಿಮ್ಮ ಜೊತೆಗೇ ಬರುತ್ತೇನೆ’ ಎಂದು ಬಂದವನು. ಹೋಗುವವರು ಇವನನ್ನು ಮರೆಯುತ್ತಾರೆ, ಇವನೂ ನೆನಪು ಮಾಡುವುದಿಲ್ಲ. ಮನೆಗೆ ನನ್ನ ಹೆಸರಿನ ಬೋರ್ಡು, ಬೀಗದ ಕೈ ಸೊಸೆಯಂದಿರ ಸೊಂಟದಲ್ಲಿ. ಕೆಲವು ಕಾಲೇಜುಗಳಲ್ಲಿ ಒಟ್ಟು ಮೊತ್ತ ನೋಡಿ, ನನ್ನ ಮುಂದೆ ಮೂರು ಸೊನ್ನೆ ಹಾಕಿದರೂ ಸಾಲದು.

ನಾನು: ಈ ‘ಆರ್ಥಿಕವಾಗಿ ದುರ್ಬಲರ ನೆರವು ನಿಧಿ’ ಯಾರು?

ಹದಿನೈದು: 2022ರಲ್ಲಿ ಬಂದ ಹೊಸ ಸೊಸೆ, ಬಹಳ ಧರ್ಮಿಷ್ಠೆ. ಎಲ್ಲ ವಿದ್ಯಾರ್ಥಿಗಳಿಂದಲೂ ವಸೂಲಿ ಮಾಡಿ ಬಡ ವಿದ್ಯಾರ್ಥಿಗೆ ಕೊಡುತ್ತಾಳೆ. ಬಡ ವಿದ್ಯಾರ್ಥಿಯೂ ಎಲ್ಲರಲ್ಲಿ ಒಬ್ಬನೇ ಅಲ್ಲವೇ? ಅವನೂ ಕಟ್ಟುತ್ತಾನೆ. ತನ್ನ ಎಡಗೈಯಿಂದ ತನ್ನ ಬಲಗೈಗೆ ದಾನ, ನಡುವೆ ಒಂದು ಅರ್ಜಿ.

ನಾನು: ತಮ್ಮನ್ನು ಯಾಕೆ ಯಾರೂ ಹೆಚ್ಚಿಸಲಿಲ್ಲ?

ಹದಿನೈದು: ನನ್ನನ್ನು ಮುಟ್ಟಿದರೆ ಗಲಾಟೆ. ‘ಬೋಧನಾ ಶುಲ್ಕ ಏರಿಕೆ’ ಎಂದು ಪತ್ರಿಕೆಯಲ್ಲಿ ತಲೆಬರಹ ಬರುತ್ತದೆ. ಅಭಿವೃದ್ಧಿ ನಿಧಿ ಏರಿದರೆ ಯಾರು ಬರೆಯುತ್ತಾರೆ? ಅಭಿವೃದ್ಧಿಯನ್ನು ವಿರೋಧಿಸಲು ಯಾರಿಗೂ ಬಾಯಿ ಬರುವುದಿಲ್ಲ. 1993ರಲ್ಲಿ ಯುಜಿಸಿಗೆ ನ್ಯಾಯಮೂರ್ತಿ ಪುನ್ನಯ್ಯನವರ ಸಮಿತಿ ವರದಿ ಕೊಟ್ಟಿತು. ವಿಶ್ವವಿದ್ಯಾಲಯಗಳು ತಮ್ಮ ಖರ್ಚಿನ ಶೇ 15ರಷ್ಟನ್ನು ಐದು ವರ್ಷದಲ್ಲಿ ತಾವೇ ದುಡಿದುಕೊಳ್ಳುವಂತಾಗಲಿ, ಹತ್ತು ವರ್ಷಕ್ಕೆ ಅದು ಶೇ 25 ಆಗಲಿ ಎಂದಿತು. ಹದಿನೈದು ಎಂದು ಕೇಳಿ ನನ್ನನ್ನೇ ಕರೆದರು ಅಂತ ಎದ್ದು ನಿಂತಿದ್ದೆ. ‘ನೀವು ಕೂತಿರಿ ಯಜಮಾನರೇ’ ಎಂದರು. ಅಂದಿನಿಂದ ಕೂತಿದ್ದೇನೆ. ಸೊಸೆಯಂದಿರು ಒಬ್ಬೊಬ್ಬರಾಗಿ ದಪ್ಪಗಾದರು.

ನಾನು: ಸರ್ಕಾರ ಅನುದಾನ ಕೊಡುತ್ತದಲ್ಲ?

ಹದಿನೈದು: ಕೊಡುತ್ತದೆ, ಸಂಬಳಕ್ಕೆ. ಕಟ್ಟಡ ಕಟ್ಟಬೇಕು ಎಂದರೆ ಈಗ ‘ಹೆಫಾ’ ಕಡೆ ಕೈ ತೋರಿಸುತ್ತದೆ. 2017ರಲ್ಲಿ ಶಿಕ್ಷಣ ಸಚಿವಾಲಯ ಮತ್ತು ಕೆನರಾ ಬ್ಯಾಂಕ್ ಕೂಡಿ ಮಾಡಿದ ಕಂಪನಿ ಅದು. ಸಾಲ ಕೊಡುತ್ತದೆ. ನಮ್ಮಂಥ ಹಳೆಯ ಕೇಂದ್ರೀಯ ವಿಶ್ವವಿದ್ಯಾಲಯಗಳು ಅಸಲಿನಲ್ಲಿ ಹತ್ತರಲ್ಲೊಂದು ಪಾಲನ್ನು ಸ್ವಂತ ಆದಾಯದಿಂದ ತೀರಿಸಬೇಕು. ವಿಶ್ವವಿದ್ಯಾಲಯಕ್ಕೆ ಗದ್ದೆ ತೋಟ ಉಂಟೇ ಸ್ವಾಮಿ? ಅದರ ಸ್ವಂತ ಆದಾಯ ಎಂದರೆ ಈ ರಸೀದಿಯೇ. ನಿಮ್ಮ ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈಗಳು ಮೊದಲು 1891ರಲ್ಲಿ ಶಾಲೆ ಕಟ್ಟಿದರು, ಆಮೇಲೆ 1906ರಲ್ಲಿ ಇದೇ ಬ್ಯಾಂಕು. ಈಗ ಬ್ಯಾಂಕು ಮೊದಲು, ಶಾಲೆ ಆಮೇಲೆ.

ನಾನು: ಜೆಎನ್‌ಯುನಲ್ಲಿ ತಮ್ಮ ನೆಂಟರೊಬ್ಬರಿದ್ದರಂತೆ?

ಹದಿನೈದು: ಹತ್ತು ರೂಪಾಯಿ. ಹಾಸ್ಟೆಲ್ ಕೋಣೆಯ ತಿಂಗಳ ಬಾಡಿಗೆ, ಇಬ್ಬರಿರುವ ಕೋಣೆಗೆ. ಒಬ್ಬರೇ ಇದ್ದರೆ ಇಪ್ಪತ್ತು. ಯಾರ ತಂಟೆಗೂ ಹೋಗದ ಪ್ರಾಣಿ. 2019ರ ಅಕ್ಟೋಬರಿನಲ್ಲಿ ಅವನನ್ನು ಮುನ್ನೂರು, ಅವನ ಅಣ್ಣ ಇಪ್ಪತ್ತನ್ನು ಆರುನೂರು ಮಾಡುತ್ತೇವೆ, ಮೇಲೆ ತಿಂಗಳಿಗೆ 1,700 ಸೇವಾ ಶುಲ್ಕ ಎಂದರು. ಹುಡುಗರು ಬೀದಿಗಿಳಿದರು. ನವೆಂಬರಿನಲ್ಲಿ ಘಟಿಕೋತ್ಸವಕ್ಕೆ ಬಂದ ಶಿಕ್ಷಣ ಮಂತ್ರಿ ಗಂಟೆಗಟ್ಟಲೆ ಸಭಾಂಗಣದೊಳಗೇ ಉಳಿಯಬೇಕಾಯಿತು. ಜನವರಿಯಲ್ಲಿ ಹೈಕೋರ್ಟು, ಸದ್ಯಕ್ಕೆ ಹಳೆಯ ದರದಲ್ಲೇ ಹೆಸರು ನೋಂದಾಯಿಸಿಕೊಳ್ಳಿ ಎಂದಿತು. ನಡುವೆ ನಮ್ಮ ಹತ್ತು ರೂಪಾಯಿಯನ್ನು ಟಿ.ವಿ.ಗೆ ಎಳೆದೊಯ್ದು ‘ತೆರಿಗೆದಾರರ ದುಡ್ಡು ತಿನ್ನುವವನು’ ಎಂದು ರಾತ್ರಿ ಒಂಬತ್ತಕ್ಕೆ ಹೊಡೆದದ್ದೇ ಹೊಡೆದದ್ದು. ಸೇವಾ ಶುಲ್ಕವನ್ನು ಮಾತ್ರ ಒಬ್ಬರೂ ಸ್ಟುಡಿಯೋಗೆ ಕರೆಯಲಿಲ್ಲ. ನೋಡಿ, ಏಟಿಗೆ ಸಣ್ಣವನೇ ಬೇಕು.

ನಾನು: ದೆಹಲಿ ಸರ್ಕಾರದ ವಿಶ್ವವಿದ್ಯಾಲಯಗಳು?

ಹದಿನೈದು: ಅವರು ನಮ್ಮ ದಾಯಾದಿಗಳು. ದೆಹಲಿ ಕಾಲೇಜ್ ಆಫ್ ಎಂಜಿನಿಯರಿಂಗ್ ನಮ್ಮ ಮನೆಯಲ್ಲೇ ಇದ್ದದ್ದು, 2009ರಲ್ಲಿ ಪಾಲು ತೆಗೆದುಕೊಂಡು ಡಿಟಿಯು ಆಯಿತು. ಈಗ ಅಲ್ಲಿ ಬಿ.ಟೆಕ್‌ಗೆ ವರ್ಷಕ್ಕೆ ಎರಡು ಲಕ್ಷದ ಮೇಲೆ. ನಾನು ಆ ಬೀದಿಯಲ್ಲಿ ಹೋದರೆ ಭಿಕ್ಷುಕ ಎಂದುಕೊಳ್ಳುತ್ತಾರೆ. ಸೀಟೂ ಅಷ್ಟೆ, ನೂರಕ್ಕೆ 85 ದೆಹಲಿಯ ಶಾಲೆಯಲ್ಲಿ ಪ್ಲಸ್ ಟು ಮುಗಿಸಿದವರಿಗೆ. ಉಳಿದ ಇಡೀ ಭಾರತಕ್ಕೆ ಎಷ್ಟು ಹೇಳಿ?

ನಾನು: ಹದಿನೈದು.

ಹದಿನೈದು: ಕರೆದಿರಾ? ಆ ಇಡೀ ಭಾರತದಲ್ಲಿ ನಿಮ್ಮ ರಾಯಚೂರೂ ಬಂತು, ಯಮುನೆಯ ಆಚೆ ದಡದ ನೋಯ್ಡಾವೂ ಬಂತು. ನೋಯ್ಡಾದ ಹುಡುಗ ಮೆಟ್ರೋದಲ್ಲಿ ದೆಹಲಿಯವನು, ಬಿಲ್ಡರನ ಜಾಹೀರಾತಿನಲ್ಲಿ ದೆಹಲಿಯವನು, ಹೊಗೆ ಕುಡಿಯುವಾಗಲೂ ದೆಹಲಿಯವನು. ಅರ್ಜಿ ತುಂಬುವಾಗ ಮಾತ್ರ ಹೊರರಾಜ್ಯದವನು.

ನಾನು: ಬಡ ಮಕ್ಕಳಿಗೆ ಶುಲ್ಕ ಮರುಪಾವತಿ ಇದೆಯಲ್ಲ?

ಹದಿನೈದು: ಇದೆ. ದೆಹಲಿ ಸರ್ಕಾರದ ಯೋಜನೆಯಲ್ಲಿ ಆಹಾರ ಭದ್ರತಾ ಕಾರ್ಡು ಇದ್ದವರಿಗೆ ಬೋಧನಾ ಶುಲ್ಕ ಪೂರ್ತಿ, ಎರಡೂವರೆ ಲಕ್ಷದೊಳಗೆ ಆದಾಯ ಇದ್ದವರಿಗೆ ಅರ್ಧ, ಆರು ಲಕ್ಷದವರೆಗೆ ಕಾಲು ಭಾಗ. ನಮ್ಮಲ್ಲೂ 2022ರಿಂದ ವಿಭಾಗಗಳಲ್ಲಿ ಓದುವವರಿಗೆ ನಾಲ್ಕು ಲಕ್ಷದೊಳಗಿದ್ದರೆ ಪೂರ್ತಿಯವರೆಗೆ, ಎಂಟರೊಳಗಿದ್ದರೆ ಅರ್ಧದವರೆಗೆ ಮಾಫಿ. ಒಳ್ಳೆಯದೇ, ಇಲ್ಲ ಎನ್ನುವುದಿಲ್ಲ. ಆದರೆ ‘ಮರು’ ಎನ್ನುವ ಎರಡಕ್ಷರ ಕೇಳಿಸಿತೇ? ಮೊದಲು ಪಾವತಿ, ಆಮೇಲೆ ಮರುಪಾವತಿ. ಅಡ್ಮಿಷನ್ ದಿನ ಬಡವ ಸಾಹುಕಾರನ ಹಾಗೆ ದುಡ್ಡು ಎಣಿಸಬೇಕು. ನಂತರ ಬಡವ ಎಂದು ದಾಖಲೆ ಕೊಡಬೇಕು. ದುಡ್ಡು ಎಲ್ಲಿಂದ ತಂದೆ ಎಂದು ಕೇಳುವ ಕಾಲಂ ಅರ್ಜಿಯಲ್ಲಿಲ್ಲ. ಅದು ಅಡ ಇಟ್ಟ ಆ ಸರಕ್ಕೆ ಗೊತ್ತು.

ನಾನು: ಹಿಂದೆ ಬೇರೆ ಥರ ಇತ್ತೇ?

ಹದಿನೈದು: ಅಂಬೇಡ್ಕರರನ್ನೇ ನೋಡಿ. ಇಲ್ಲಿನ ಒಂದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. 1913ರಲ್ಲಿ ಬರೋಡಾದ ಸಯಾಜಿರಾವ್ ಮಹಾರಾಜರು ಕೊಲಂಬಿಯಾದಲ್ಲಿ ಓದಲು ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷದ ಮಟ್ಟಿಗೆ ಎಂದು ಗೊತ್ತು ಮಾಡಿದರು. ಕರಾರು ಪತ್ರ ಬರೆಸಿಕೊಂಡರು, ಹೌದು. ಆದರೆ ‘ನೀನು ಮೊದಲು ನ್ಯೂಯಾರ್ಕಿಗೆ ಹೋಗಿ ಫೀಸು ಕಟ್ಟು, ಡಿಗ್ರಿ ಮುಗಿಸು, ಹಡಗಿನ ಟಿಕೆಟ್ಟು ಅಪ್‌ಲೋಡ್ ಮಾಡು, ನೋಡೋಣ’ ಎನ್ನಲಿಲ್ಲ. ಹಾಗೆ ಅಂದಿದ್ದರೆ ಸಂವಿಧಾನ ಇವತ್ತಿಗೂ ‘ಪೆಂಡಿಂಗ್’.

(ಇಲ್ಲಿ ಅವರು ಚಹಾ ಮುಗಿಸಿದರು. ಇನ್ನೊಂದು ಬೇಕೇ ಎಂದೆ. ‘ಬೇಡ, ಈ ತಿಂಗಳದ್ದು ಆಯಿತು’ ಎಂದರು.)

ನಾನು: ನಮ್ಮ ರಾಯಚೂರಿನ ಪರಿಶಿಷ್ಟ ಜಾತಿಯ ಹುಡುಗಿಯೊಬ್ಬಳು ಇಲ್ಲಿ ಬಿ.ಎ. ಸೇರಿದಳು ಅನ್ನಿ. ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಸಿಗುತ್ತದಲ್ಲ?

ಹದಿನೈದು: 1944ರಿಂದ ಇರುವ ಯೋಜನೆ, ಸಿಗಬೇಕು. ಆದರೆ ಅದನ್ನು ಕೊಡುವುದು ಅವಳ ಸ್ವಂತ ರಾಜ್ಯ. ಕಾಲೇಜು ಯಮುನಾ ತೀರ, ದುಡ್ಡು ಬರುವುದು ತುಂಗಭದ್ರೆಯ ಕಡೆಯಿಂದ. ಜಾತಿ, ಆದಾಯದ ಪ್ರಮಾಣಪತ್ರಕ್ಕೆ ಅಪ್ಪ ನಾಡಕಚೇರಿಗೆ ಅಲೆದು ಆರ್.ಡಿ. ನಂಬರು ತರಬೇಕು. ಇಲ್ಲಿಯ ಕಾಲೇಜಿನಿಂದ ಬೋನಫೈಡ್ ಬೇಕು. ಬೋನಫೈಡ್ ಕೊಡುವ ಗುಮಾಸ್ತರು ಊಟಕ್ಕೆ ಹೋಗಿರುತ್ತಾರೆ. ಎಲ್ಲ ಸರಿಯಾದರೆ ‘ಖಾತೆಗೆ ಆಧಾರ್ ಸೀಡಿಂಗ್ ಆಗಿಲ್ಲ’ ಎಂದು ಬರುತ್ತದೆ. ಸೀಡಿಂಗ್ ಎಂದರೆ ಏನು ಸ್ವಾಮಿ?

ನಾನು: ಬಿತ್ತನೆ.

ಹದಿನೈದು: ಅಪ್ಪ ಎರಡೆಕರೆ ಹತ್ತಿ ಹಾಕಿ ಕೂತಿದ್ದಾನೆ. ಅವನ ಮಗಳಿಗೆ ಬಿತ್ತನೆ ಆಗಿಲ್ಲ ಅಂತಾರೆ! ಹೇಗೋ ಬಿತ್ತಿ ಬೆಳೆದಳು ಎಂದಿಟ್ಟುಕೊಳ್ಳಿ. ಕೈಗೆ ಬರುವ ಫಸಲು ಎಷ್ಟು? ಬಿ.ಎ.ಯಂಥ ಪದವಿಗೆ ಹಾಸ್ಟೆಲಿನಲ್ಲಿದ್ದರೆ ವರ್ಷಕ್ಕೆ ಆರು ಸಾವಿರ ಭತ್ಯೆ, ಹೊರಗಿದ್ದರೆ ಮೂರು ಸಾವಿರ. ತಿಂಗಳಿಗೆ ಇನ್ನೂರೈವತ್ತು. ಆಯಿತೇ? ಈಗ ವಿಜಯನಗರಕ್ಕೆ ಹೋಗಿ ಪಿ.ಜಿ. ವಿಚಾರಿಸಿ.

ನಾನು: ಹಂಪಿಯ ವಿಜಯನಗರವೇ?

ಹದಿನೈದು: ಇಲ್ಲೇ, ಕ್ಯಾಂಪಸ್ಸಿನ ಪಕ್ಕದ್ದು. ಅದು ಹಾಳಾಯಿತು, ಇದು ಹಾಳು ಮಾಡುತ್ತದೆ. ಒಂದು ಕೋಣೆಯಲ್ಲಿ ಮೂರು ಮಂಚ, ಮಂಚಕ್ಕೆ ಐದಂಕಿ. ಗೋಡೆ ಪ್ಲೈವುಡ್ಡಿನದು, ಪಕ್ಕದವನು ಕೆಮ್ಮಿದರೆ ಇವನು ನೀರು ಕುಡಿಯಬೇಕು. ಸರ್ಕಾರ 200 ಯೂನಿಟ್ಟಿನವರೆಗೆ ವಿದ್ಯುತ್ ಬಿಲ್ಲು ಮನ್ನಾ ಮಾಡಿತು, ಓನರು ಸಬ್ ಮೀಟರು ಹಾಕಿಸಿದ. ಬಾಡಿಗೆ ಜಾಸ್ತಿ ಎಂದು ದೂರ ಹೋದರೆ ಮೆಟ್ರೋದಲ್ಲಿ ವಿದ್ಯಾರ್ಥಿ ಪಾಸೇ ಇಲ್ಲ. ಹಾಸ್ಟೆಲ್ಲು ಅಂತೀರಾ? ಇದೆ, ಕೈಬೆರಳೆಣಿಕೆಯ ಅದೃಷ್ಟವಂತರಿಗೆ. ನಾನು ಹದಿನೈದಕ್ಕೆ ನಿಂತೇ ಇದ್ದೇನೆ. ಊರೇ ನನ್ನ ಸುತ್ತ ಎದ್ದು ಹೋಯಿತು.

ನಾನು: ನಮ್ಮ ಕಡೆ ಹಿಂದೆ ವಾರಾನ್ನ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಮಠದ ದಾಸೋಹ ಇವತ್ತಿಗೂ ಇದೆ, ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಉಂಡು ಓದುತ್ತಾರೆ.

ಹದಿನೈದು: ಕೇಳಿದ್ದೇನೆ. ವಾರಾನ್ನದಲ್ಲೂ ಜಾತಿ ಕೇಳಿಯೇ ಎಲೆ ಹಾಕುತ್ತಿದ್ದರಲ್ಲವೇ? ಅದನ್ನು ತೀರ ಹಾಡಿ ಹೊಗಳಬೇಡಿ. ಆದರೆ ಅಲ್ಲಿ ಒಂದು ಗುಣವಿತ್ತು. ಇವತ್ತಿನ ಹಸಿವಿಗೆ ಇವತ್ತೇ ಊಟ. ಈಗ ಮೊದಲ ವರ್ಷದ ಹಸಿವಿಗೆ ಮೂರನೇ ವರ್ಷ ಮೆಸೇಜು.

(ನನಗೆ ಉತ್ತರ ಹೊಳೆಯಲಿಲ್ಲ. ವಾರಾನ್ನದ ಬಗ್ಗೆ ನಾನು ಬರೆದುಕೊಂಡು ಬಂದಿದ್ದ ಇನ್ನೆರಡು ಪ್ರಶ್ನೆಗಳನ್ನು ಅಲ್ಲೇ ಹೊಡೆದು ಹಾಕಿದೆ.)

ನಾನು: ಸಂಶೋಧನೆ ಮಾಡುವವರಿಗಾದರೂ ಈಗ ಚೆನ್ನಾಗಿದೆ. 2023ರಿಂದ ಜೆಆರ್‌ಎಫ್ ಫೆಲೋಶಿಪ್ಪು ತಿಂಗಳಿಗೆ 37,000.

ಹದಿನೈದು: ನೆಟ್ ಪರೀಕ್ಷೆಯಲ್ಲಿ ಅದಕ್ಕೆ ಆಯ್ಕೆಯಾದವರಿಗೆ. ಆಗದವರಿಗೆ ನೆಟ್ ರಹಿತ ಫೆಲೋಶಿಪ್ಪು, ಪಿಎಚ್.ಡಿ.ಗೆ ಎಂಟು ಸಾವಿರ. 2015ರ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸುತ್ತೇವೆ ಎಂದಿತು ಯುಜಿಸಿ. ಹುಡುಗರು ಐಟಿಓದಲ್ಲಿ ಅದರ ಕಚೇರಿ ಮುಂದೆ ಚಳಿಯಲ್ಲಿ ಮಲಗಿದರು. ಎಂಟು ಸಾವಿರ ಉಳಿಯಿತು. ಉಳಿದದ್ದು ಎಂಟು ಸಾವಿರವಾಗಿಯೇ ಉಳಿಯಿತು. ಅಲ್ಪಸಂಖ್ಯಾತರ ಮೌಲಾನಾ ಆಜಾದ್ ಫೆಲೋಶಿಪ್ಪು 2022ರಲ್ಲಿ ನಿಂತೇ ಹೋಯಿತು. ಬೇರೆ ಯೋಜನೆಗಳಿವೆ, ಅದರಲ್ಲೇ ಸಿಗುತ್ತದೆ ಎಂದರು.

ನಾನು: ಸಾಲ?

ಹದಿನೈದು: ಅದಕ್ಕೆ ಮಾತ್ರ ಬರವಿಲ್ಲ. 2024ರ ನವೆಂಬರಿನಲ್ಲಿ ಜಾಮೀನಿಲ್ಲದ ಸಾಲಕ್ಕೆ ಹೊಸ ಯೋಜನೆ ಬಂತು. ಹೆಸರು ಗಮನಿಸಿದಿರಾ? ವಿದ್ಯಾಲಕ್ಷ್ಮಿ. ವಿದ್ಯೆಗೆ ಇದ್ದದ್ದು ಸರಸ್ವತಿ. ಅವಳನ್ನು ಯಾವಾಗ ವರ್ಗ ಮಾಡಿದರೋ, ಆದೇಶದ ಪ್ರತಿ ನನಗೆ ಬಂದಿಲ್ಲ.

(ಅಷ್ಟರಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಓಡಿ ಬಂದಳು. ಕೌಂಟರು ಒಂದು ಗಂಟೆಗೆ ಮುಚ್ಚುತ್ತದೆ, ರಸೀದಿ ಲಗತ್ತಿಸಬೇಕು. ಹಿರಿಯರು ಮಂಡಿ ಹಿಡಿದು ಎದ್ದರು.)

ಹದಿನೈದು: ಬರುತ್ತೇನೆ ಸ್ವಾಮಿ. ನಾನಿಲ್ಲದೆ ಇವಳ ಫೈಲು ಮುಂದೆ ಹೋಗುವುದಿಲ್ಲ. ನಾನಿದ್ದರೂ ಹೋಗುತ್ತದೆ ಎಂದಲ್ಲ.

ನಾನು: ಪತ್ರಿಕೆಗೆ ತಮ್ಮದೊಂದು ಫೋಟೋ?

ಹದಿನೈದು: ತೆಗೆಯಿರಿ. ಪಾಸ್‌ಪೋರ್ಟ್ ಸೈಜು, ಬಿಳಿ ಹಿನ್ನೆಲೆ, ಎರಡೂ ಕಿವಿ ಕಾಣಬೇಕು, ಐವತ್ತು ಕೆಬಿ ಮೀರಬಾರದು. ಮೀರಿದರೆ ನಿಮ್ಮ ಲೇಖನ ‘ಡಿಫೆಕ್ಟ್’ ಎಂದು ವಾಪಸ್ಸು ಬರುತ್ತದೆ, ಕೊನೆಯ ದಿನಾಂಕ ಮುಗಿದ ಮಾರನೆಯ ದಿನ.