ಹಳೇ ಕಾರಿನ ಜೀರ್ಣೋದ್ಧಾರ: ಉಪಕರಣ ಪ್ರಕರಣ

ಹಳೇ ಕಾರನ್ನು ಮನೆಯಲ್ಲೇ ಜೀರ್ಣೋದ್ಧಾರ ಮಾಡಹೊರಟವರು ಮೊದಲು ಕೇಳುವುದು ಯಾವ ಸ್ಪ್ಯಾನರ್ ಕೊಳ್ಳಬೇಕು ಎಂದು. ಪಾಯ ತೋಡುವ ಮೊದಲೇ ಗೃಹಪ್ರವೇಶಕ್ಕೆ ಮುಹೂರ್ತ ಕೇಳಿದ ಹಾಗೆ. ಮೊದಲ ಉಪಕರಣ ಪೋರ್ಟಿಕೊ. ಪ್ರೀಮಿಯರ್ ಪದ್ಮಿನಿ ಸುಮಾರು 13 ಅಡಿ ಉದ್ದ, 5 ಅಡಿಗೆ ತುಸು ಕಡಿಮೆ ಅಗಲ. ಬಾಗಿಲು ತೆರೆಯದೆ ಸುಮ್ಮನೆ ನಿಂತರೂ 60 ಚದರ ಅಡಿ ಚಿಲ್ಲರೆ ಬೇಕು. ಬೆಂಗಳೂರಿನ ಇಂದಿರಾನಗರದಲ್ಲಿ ಅಷ್ಟು ನೆಲದ ಬೆಲೆಯ ಮುಂದೆ ಅದರ ಮೇಲೆ ನಿಂತ ಕಾರಿನ ಬೆಲೆ ನಗಣ್ಯ. ನೂರಡಿ ರಸ್ತೆಯ ಆಸುಪಾಸಿನ ಮನೆಗಳು ಒಂದೊಂದಾಗಿ ಪಬ್ಬುಗಳಾಗುತ್ತಿರುವ ಈ ಕಾಲದಲ್ಲಿ ಪೋರ್ಟಿಕೊ ಉಳಿಸಿಕೊಂಡವರನ್ನೇ ಶಾಸ್ತ್ರವು ಉತ್ತಮಾಧಿಕಾರಿಗಳೆಂದು ಪರಿಗಣಿಸುತ್ತದೆ. ಮೇಲಂತಸ್ತಿನ ಬಾಡಿಗೆಯವರು ಸ್ಕೂಟರನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಎರಡನೆಯದು ಸೈಜುಗಲ್ಲು. ಜಾಕಿಯ ಕೆಲಸ ಕಾರನ್ನು ಎತ್ತುವುದು, ಹಿಡಿದು ನಿಲ್ಲುವುದಲ್ಲ. ಬರೀ ಜಾಕಿ ನಂಬಿ ಕಾರಿನ ಕೆಳಗೆ ಮಲಗಿದವರಿಗೆ ಮುಂದಿನ ಪ್ಯಾರಾಗಳ ಅಗತ್ಯ ಬೀಳಲಾರದು. ಹಾಲೋ ಬ್ಲಾಕನ್ನೂ ನಂಬುವಂತಿಲ್ಲ, ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಇದಕ್ಕೆಂದೇ ಮಾಡಿದ ಕಬ್ಬಿಣದ ಸ್ಟ್ಯಾಂಡುಗಳು ಅಂಗಡಿಯಲ್ಲಿ ಸಿಗುತ್ತವೆ, ನಿಜ. ಆದರೆ ಸ್ಟ್ಯಾಂಡಿನ ಮೇಲಿಟ್ಟ ಕಾರು ಒಂದಲ್ಲ ಒಂದು ದಿನ ಕೆಳಗಿಳಿಯುತ್ತದೆ ಎಂಬ ಅನಗತ್ಯ ನಿರೀಕ್ಷೆಯನ್ನು ಅವು ಮನೆಯವರಲ್ಲಿ ಹುಟ್ಟಿಸುತ್ತವೆ. ಸೈಜುಗಲ್ಲಿಗೆ ಅಂಥ ಅವಸರವಿಲ್ಲ.

ಇನ್ನು ಸ್ಪ್ಯಾನರು. ಇಲ್ಲಿ ಸ್ವಲ್ಪ ಚರಿತ್ರೆ ಬೇಕಾಗುತ್ತದೆ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಆಂಗ್ಲ ಎಂಜಿನಿಯರು ಎಲ್ಲ ಬೋಲ್ಟುಗಳ ಮರೆಗೂ 55 ಡಿಗ್ರಿಯ ಕೋನವಿರಲಿ ಎಂದು ಸೂಚಿಸಿದ. ಅವನ ಹೆಸರಿನ ಸ್ಪ್ಯಾನರಿನ ಮೇಲೆ 3/8 ಎಂದು ಕೊರೆದಿರುತ್ತದೆ. ಬಾಯಿಗೆ ಸ್ಕೇಲು ಹಿಡಿದು ನೋಡಿ, 3/8 ಅಂಗುಲ ಎಲ್ಲೂ ಸಿಗುವುದಿಲ್ಲ. ಅದು ಸ್ಪ್ಯಾನರಿನ ಅಳತೆಯಲ್ಲ, ನಟ್ಟಿನದೂ ಅಲ್ಲ. ನಟ್ಟಿನೊಳಗೆ ಅಡಗಿ ಕೂತ ಬೋಲ್ಟಿನ ದಪ್ಪ. ಹೊರಗೆ ಕಾಣುವುದನ್ನು ಬಿಟ್ಟು ಒಳಗಿರುವುದನ್ನು ಅಳೆಯುವ ಈ ದರ್ಶನ ವೇದಾಂತಕ್ಕೆ ಬಹಳ ಹತ್ತಿರ, ರಿಪೇರಿಗೆ ಬಹಳ ದೂರ. ಆಮೇಲೆ ಬಂದ ಎ.ಎಫ್. ಸ್ಪ್ಯಾನರು ನಟ್ಟಿನ ಎದುರುಬದುರು ಮಗ್ಗುಲುಗಳನ್ನು ಅಂಗುಲದಲ್ಲೇ ಅಳೆಯಿತು. ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಅದು ಬೇಕು. ಇಟಲಿಯ ಫಿಯಟ್ ವಂಶದ ಪದ್ಮಿನಿಗೆ ಮಿಲಿಮೀಟರು. ಕಂಟೋನ್ಮೆಂಟಿಗೆ 1809ರಲ್ಲಿ ಬಂದ ಬ್ರಿಟಿಷರು 1947ರಲ್ಲಿ ಹೋದರು. ಮರೆ ಮಾತ್ರ ಇಲ್ಲೇ ಉಳಿಯಿತು. ಹಾಗಾಗಿ ಮೂರು ಸೆಟ್ಟೂ ಕೊಳ್ಳತಕ್ಕದ್ದು. ಸರಿಯಾದದ್ದು ಸಿಗುವ ತನಕ ತಪ್ಪು ಸ್ಪ್ಯಾನರುಗಳನ್ನು ಹಾಕಿ ತಿರುಗಿಸಿದರೆ ನಟ್ಟಿನ ಆರೂ ಮೂಲೆ ಸವೆದು ಗುಂಡಗಾಗುತ್ತದೆ. ಗುಂಡಗಾದ ನಟ್ಟಿಗೆ ಮೂರು ಪದ್ಧತಿಗಳೂ ಸಮಾನ. ಆಗ ಉಳಿ, ಸುತ್ತಿಗೆ.

ಸೂಕ್ಷ್ಮ ಕೆಲಸಕ್ಕೆ ಫೀಲರ್ ಗೇಜ್ ಎಂಬ ತೆಳು ತಗಡುಗಳ ಗೊಂಚಲು ಬರುತ್ತದೆ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪ್ ಅರ್ಧ ಮಿಲಿಮೀಟರಿಗೂ ಕಡಿಮೆ. ಹಳೇ ಮೆಕ್ಯಾನಿಕ್‌ಗಳು ಅದನ್ನು ವಿಸಿಟಿಂಗ್ ಕಾರ್ಡಿನಲ್ಲೇ ಹೊಂದಿಸುತ್ತಾರೆ. ಯಾರ ಕಾರ್ಡು ಎಂಬುದು ಮುಖ್ಯ. ವೈಸ್ ಪ್ರೆಸಿಡೆಂಟರ ಕಾರ್ಡಿನ ದಪ್ಪಕ್ಕೆ ಎಂಜಿನ್ ಒಲಿಯುತ್ತದೆ. ಮ್ಯಾನೇಜರ್ ದರ್ಜೆಯ ಕಾರ್ಡಿಗೆ ಮಿಸ್ ಹೊಡೆಯುತ್ತದೆ. ಇಂದಿರಾನಗರದಲ್ಲಿ ಎರಡಕ್ಕೂ ಕೊರತೆಯಿಲ್ಲ.

ಬಿಡಿಭಾಗಗಳ ಶಾಸ್ತ್ರ ಶಿವಾಜಿನಗರದಲ್ಲಿ ಆರಂಭವಾಗಿ ಅಲ್ಲೇ ಮುಂದುವರಿಯುತ್ತದೆ. ಜೆ.ಸಿ. ರಸ್ತೆಯಲ್ಲಿ ಡಬ್ಬಿಯೊಳಗಿನ ಹೊಸ ಮಾಲು ಸಿಗುತ್ತದಾದರೂ ಡಬ್ಬಿಗೆ ಇತಿಹಾಸವಿಲ್ಲ. ರಸೆಲ್ ಮಾರ್ಕೆಟ್ಟಿನ ಆಚೆಯ ಗುಜರಿ ಓಣಿಗೆ ಹೋಗುವವರು ಕಳಚಿದ ಹಳೇ ಭಾಗವನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗಬೇಕು. ಬಾಯಿಮಾತಿನ ವರ್ಣನೆ ನಡೆಯುವುದಿಲ್ಲ.

“ಸ್ಯಾಂಪಲ್ ತಂದಿದೀರಾ ಸಾರ್?”

ತಂದಿದ್ದೀರಿ. ಅಂಗಡಿಯವರು ಅದನ್ನು ತೂಗಿ, ಮಗುಚಿ, ಉಗುರಿನಲ್ಲಿ ಕೆರೆದು ನೋಡುತ್ತಾರೆ.

“ಇದು ಪದ್ಮಿನಿದಲ್ಲ ಸಾರ್. ಯಾರೋ ಅಂಬಾಸಿಡರ್‌ದು ಕೂರಿಸಿದಾರೆ.”

ಹೀಗೆ ನಲವತ್ತು ವರ್ಷದಿಂದ ಮನೆಯವರೆಲ್ಲ ಹೆಮ್ಮೆಪಟ್ಟ ಕಾರಿನ ವಂಶಾವಳಿ ಒಂದು ನಿಮಿಷದಲ್ಲಿ ಬಯಲಾಗುತ್ತದೆ. ಯಾವ ತಜ್ಞರ ಸಮಿತಿಯೂ ಇಷ್ಟು ಬೇಗ ವರದಿ ಕೊಡುವುದಿಲ್ಲ. ವೈಪರ್ ಕಡ್ಡಿಗೆಂದು ಹೋದವರು ಹೆರಾಲ್ಡಿನ ಹಾರ್ನ್ ರಿಂಗು, ಯಾವುದಕ್ಕೂ ಇರಲಿ ಎಂದು ಒಂದು ಡೈನಮೊ, ಹಿತ್ತಾಳೆಯೆಂಬ ಕಾರಣಕ್ಕೆ ಹಿತ್ತಾಳೆಯ ಯಾವುದೋ ಒಂದು ಮುಚ್ಚಳ ಹಿಡಿದುಕೊಂಡು ಬರುತ್ತಾರೆ. ವೈಪರ್ ಕಡ್ಡಿ ಮುಂದಿನ ಭಾನುವಾರ. (ಅಲ್ಲಿ ಕಾರು ನಿಲ್ಲಿಸಿದವರಿಗೆ ಅವರದೇ ವೀಲ್ ಕ್ಯಾಪನ್ನು ಮಾರಿದರೆಂಬ ಜೋಕು ಊರಿಗೆಲ್ಲ ಗೊತ್ತು. ಪರಿಣತರು ಅದನ್ನು ಹೇಳುವುದಿಲ್ಲ. ನಮ್ಮ ಕಾರುಗಳು ಅಷ್ಟು ದೂರ ಓಡುವುದಿಲ್ಲವಾದ್ದರಿಂದ ಪರೀಕ್ಷಿಸಲು ಆಗಿಲ್ಲ.)

ಎಲ್ಲೂ ಸಿಗದ ಬುಷ್ಷನ್ನು ಹಲಸೂರಿನಲ್ಲಿ ಲೇತ್ ಇಟ್ಟ ಪರಿಚಿತರೊಬ್ಬರಲ್ಲಿ ಕಡೆಸಬೇಕು. “ನಾಳೆ ಬನ್ನಿ” ಎನ್ನುತ್ತಾರೆ. ಹೋಗಬೇಕು.

ರಬ್ಬರಿನ ವಿಷಯ ಸಂಕ್ಷಿಪ್ತ: ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ಹಳೇ ಕಾರಿನ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ ಅದಕ್ಕೆಂದು ಹುಟ್ಟಿದವಲ್ಲ. ಉಬ್ಬುತ್ತವೆ, ಬಿರಿಯುತ್ತವೆ. ಜೋಡಿಯಲ್ಲಿ ಕೊಳ್ಳಿ.

ಈಗ ಕಾನೂನು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು ವಿಂಟೇಜ್. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ, ನಂಬರಿನಲ್ಲಿ ರಾಜ್ಯದ ಅಕ್ಷರಗಳ ಬೆನ್ನಿಗೆ ‘ವಿಎ’. ಷಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು, ದೊಡ್ಡ ಮಾರ್ಪಾಟು ಕೂಡದು. ಈ ಅಂಶದಿಂದ ಗ್ಯಾರೇಜಿನಲ್ಲಿ ಏನೂ ಮಾಡದೆ ಕೂತವರ ಸ್ಥಾನ ಬಹಳ ಭದ್ರವಾಯಿತು.

ಇಷ್ಟಾದ ಮೇಲೆ ಆ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲು ತುಂಬಿಸುವುದು, ತಾಂತ್ರಿಕ ಸಂಶೋಧನೆ ಇವುಗಳಿಗೆ ಮಾತ್ರ ರಸ್ತೆಗಿಳಿಯಬಹುದು. ಅಂದರೆ ಪೆಟ್ರೋಲು ಹಾಕಿಸಲು ಹೋಗಬಹುದು; ಹಾಕಿಸಿದ ಪೆಟ್ರೋಲು ಖರ್ಚಾಗಲು ಮತ್ತೊಮ್ಮೆ ಪೆಟ್ರೋಲು ಹಾಕಿಸಲು ಹೋಗಬಹುದು. ಸರ್ಕಾರವೊಂದು ಈ ಹವ್ಯಾಸವನ್ನು ಇಷ್ಟು ಆಳವಾಗಿ ಅರ್ಥ ಮಾಡಿಕೊಂಡ ನಿದರ್ಶನ ಬೇರೆ ಇಲ್ಲ.

ತಾಂತ್ರಿಕ ಸಂಶೋಧನೆಗೆ ನಮ್ಮ ಶಿಫಾರಸು ಕೆ.ಆರ್. ಪುರದ ದಾರಿಯ ಟಿನ್ ಫ್ಯಾಕ್ಟರಿ ಜಂಕ್ಷನ್, ಸಂಜೆ ಆರೂವರೆ. ಹಳೇ ಕಾರಿನ ರೇಡಿಯೇಟರ್ ಫ್ಯಾನು ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವಂಥದ್ದು. ಕಾರು ನಿಂತಲ್ಲೇ ನಿಂತರೆ ಎಂಜಿನ್ ನಿಧಾನ, ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ, ಗಾಳಿ ಅತ್ಯಂತ ಬೇಕಾದ ಹೊತ್ತಿಗೆ ಗಾಳಿಯಿಲ್ಲ. ಬಿಸಿಗೆ ಪಂಪಿನೊಳಗಿನ ಪೆಟ್ರೋಲು ಆವಿಯಾಗುತ್ತದೆ. ಪಂಪು ಆವಿಯನ್ನು ಎಳೆಯಲಾರದು. ಮೆಟ್ರೊ ಕಂಬದ ಪಕ್ಕ, ತೂಗುಸೇತುವೆ ಕಣ್ಣಿಗೆ ಕಾಣುವ ದೂರದಲ್ಲಿ ಕಾರು ನಿಲ್ಲುತ್ತದೆ. ಇಲ್ಲಿ ಬೇಕಾದ ಉಪಕರಣ ಎರಡೇ. ಒಂದು ಬಾಟಲಿ ನೀರು, ಒಂದು ಬನಿಯನ್ ಬಟ್ಟೆ. ಬಾನೆಟ್ ಎತ್ತಿ, ಬಟ್ಟೆ ಒದ್ದೆ ಮಾಡಿ ಪಂಪಿಗೆ ಸುತ್ತಿ, ಕಾಯಬೇಕು. ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಕೂಡದು.

ಟ್ರಾಫಿಕ್ ಪೊಲೀಸರು ಬಂದು ವಿಚಾರಿಸಿದರೆ ಗಾಬರಿಯಾಗದೆ ನಿಯಮವನ್ನು ಉಲ್ಲೇಖಿಸಿ, ಇದು ತಾಂತ್ರಿಕ ಸಂಶೋಧನೆ ಎಂದು ಸ್ಪಷ್ಟವಾಗಿ ಹೇಳಿ.

“ಆಯ್ತು ಸಾರ್. ಸಂಶೋಧನೆ ಸೈಡಿಗೆ ತಳ್ಕೊಂಡು ಮಾಡಿ.”