ಸೋತರೂ ಇಂಕ್ರಿಮೆಂಟ್

ಹುಬ್ಬಳ್ಳಿ-ಧಾರವಾಡದ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಆಗಬೇಕೇ? ಮೊದಲು ಬಾಸ್ಕೆಟ್‌ಬಾಲ್ ಮರೆಯಿರಿ. ನಮ್ಮ ಕಾಲೇಜುಗಳ ಕಾಯಂ ಹುದ್ದೆ ದೈಹಿಕ ಶಿಕ್ಷಣ ನಿರ್ದೇಶಕರದು. ಖೋಖೋದಿಂದ ಚೆಸ್‌ವರೆಗೆ ಎಲ್ಲದಕ್ಕೂ ಅವರೊಬ್ಬರೇ. ಎಲ್ಲ ಆಟಕ್ಕೂ ಹೊಣೆ ಎಂದರೆ ಯಾವ ಆಟಕ್ಕೂ ಇಲ್ಲ.

ಹುದ್ದೆ ಮಾತ್ರ ಚಿನ್ನದಂಥದ್ದು. ಯುಜಿಸಿಯ 2018ರ ನಿಯಮದಂತೆ ಮೂಲ ವೇತನವೇ 57,700 ರೂಪಾಯಿಯಿಂದ ಶುರು. ದೇಹದಾರ್ಢ್ಯದ ಪರೀಕ್ಷೆಯೂ ಉಂಟು. ಮೂವತ್ತರೊಳಗಿನ ಗಂಡಸು 12 ನಿಮಿಷದಲ್ಲಿ 1,800 ಮೀಟರ್ ಓಡಬೇಕು, ಇಲ್ಲವೇ ನಡೆಯಬೇಕು. ಓಡಿದ್ದು ಅಷ್ಟೇ. ಆಮೇಲೆ ನಿವೃತ್ತಿಯವರೆಗೆ ಕುರ್ಚಿ.

ಪಾಠ ಹೇಳುವವರಿಗೆ ಫಲಿತಾಂಶದ ಕಾಟ. ಇವರಿಗೆ ಅದೂ ಇಲ್ಲ. ತಂಡ ಮೊದಲ ಸುತ್ತಿನಲ್ಲೇ ಮನೆಗೆ ಬಂದರೂ ಇಂಕ್ರಿಮೆಂಟ್ ಬರುತ್ತದೆ. ಸೋಲೇನು ಹೊಸದಲ್ಲ. 1891ರಲ್ಲಿ ಬಾಸ್ಕೆಟ್‌ಬಾಲ್ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಕೋಚ್ ಆಗಿ ಗೆದ್ದದ್ದು 55 ಪಂದ್ಯ, ಸೋತದ್ದು 60. ಇವತ್ತು ಅದೇ ಅಮೆರಿಕದಲ್ಲಿ ಹೆಸರಾಂತ ಕಾಲೇಜು ಕೋಚ್‌ಗಳಿಗೆ ಕೋಟಿಗಟ್ಟಲೆ ಸಂಬಳ. ಸೋತರೆ ಗೇಟ್ ಪಾಸ್. ನಮ್ಮಲ್ಲಿ ಆ ಚಿಂತೆ ಇಲ್ಲ. ಸೋಲನ್ನು ಬರೆದಿಡುವವರೇ ಇಲ್ಲ.

ಇಲ್ಲಿನ ಒಂದು ಕಾಲೇಜಿನ ಕೋರ್ಟ್ ನೋಡಿ. ಕಂಬದಲ್ಲಿ ರಿಂಗ್ ಇದೆ, ಬಲೆ ಇಲ್ಲ. ಫ್ರೀ ಥ್ರೋ ಗೆರೆಯ ಮೇಲೆ ಪ್ರಾಚಾರ್ಯರ ಕಾರು. ಕೇಳಿದರೆ, ‘ಆಡೂ ಹುಡುಗರು ಎಲ್ಲಿದ್ರೂ ಆಡ್ತಾವ ಬಿಡ್ರಿ’ ಎಂಬ ಉತ್ತರ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಪಾಸಣೆಯ ವಾರ ಕಾರು ಸರಿಯುತ್ತದೆ. ಗೆರೆಗೆ ಸುಣ್ಣ ಬೀಳುತ್ತದೆ. ಬಲೆಯೂ ಪ್ರತ್ಯಕ್ಷ. ಜಿಮಖಾನಾ ಫೀ ಮಾತ್ರ ವರ್ಷವರ್ಷವೂ ತಪ್ಪದೆ ವಸೂಲಿ.

ಹಾಗಾದರೆ ಹುಡುಗರಿಗೆ ಕಲಿಸುವವರು ಯಾರು? ಸಂಜೆ ಐದಕ್ಕೆ ಸೀಟಿ ಹಿಡಿದು ಬರುವ ಒಬ್ಬ ಹಳೆಯ ಆಟಗಾರ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ. ಚೆಂಡಿಗೆ ಗಾಳಿ ಹೊಡೆಸುವುದೂ ಅವನ ಜೇಬಿನಿಂದಲೇ. ಗೌರವಧನ ಕೇಳಿದರೆ, ‘ಮುಂದಿನ ತಿಂಗಳ ನೋಡೂಣಂತ.’ ಗೌರವವೂ ಇಲ್ಲ, ಧನವೂ ಇಲ್ಲ.

ಅಪ್ಪಿತಪ್ಪಿ ಟ್ರೋಫಿ ಬಂತೆನ್ನಿ. ಮುಂದಿನ ಸಾಲಿನ ಕುರ್ಚಿಯಲ್ಲಿ ಆಡಳಿತ ಮಂಡಳಿ, ಪ್ರಾಚಾರ್ಯರು, ನಿರ್ದೇಶಕರು. ಹಿಂದೆ ಬೆವತ ಹುಡುಗರು. ಕಲಿಸಿದವನೆಲ್ಲಿ? ಎದುರಿಗೆ, ಮೊಬೈಲ್ ಹಿಡಿದು ನಿಂತಿದ್ದಾನೆ. ‘ನೀವ ಒಂದ್ ಫೋಟೋ ಹೊಡೀರಿ, ಚಲೋ ಬರ್ತೈತಿ.’ ಮರುದಿನದ ಪತ್ರಿಕೆಯಲ್ಲಿ ನಿರ್ದೇಶಕರ ‘ಸಮರ್ಥ ಮಾರ್ಗದರ್ಶನ’ಕ್ಕೆ ಅಭಿನಂದನೆ.

ಅವನಿಗೂ ಈಗ ಬುದ್ಧಿ ಬಂದಿದೆ. ನಿರ್ದೇಶಕನಾಗಲು ಕೆ-ಸೆಟ್ ಅರ್ಹತಾ ಪರೀಕ್ಷೆಗೆ ಓದುತ್ತಿದ್ದಾನೆ. ಹುದ್ದೆ ಸಿಕ್ಕರೆ ಕಲಿಸುವ ಕಾಟ ತಪ್ಪುತ್ತದೆ.